ಪಕ್ಕದ ಸೀಟಿನ ಕಲೆ

ನವೆಂಬರ್ ೧೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊದ್ದು ಮಾಡುವ ನಮಸ್ಕಾರಗಳು. ನೀನು, ಭಾವ, ಮಕ್ಕಳು ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನನ್ನ ಮೇಲೆ ಕೋಪ ಬಂದಿರುತ್ತದೆ, ಗೊತ್ತು. ನೀನು ಫೋನ್ ಮಾಡಿದಾಗಲೆಲ್ಲ "ಪಾಠದಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಆ ಆಮೇಲೆ ಬರಲೇ ಇಲ್ಲ. ಫೋನಿನಲ್ಲಾದರೆ ನನ್ನ ದನಿ ಕೇಳಿ ಅರ್ಧ ಮಾತಿಗೇ ಎಲ್ಲ ಹಿಡಿದುಬಿಡುತ್ತೀಯ, ಆಮೇಲೆ ನಾನು ಅಳುತ್ತ ಕೂರಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ.

ಹೊಟ್ಟೆ ಎಂದೆನಲ್ಲ, ಸುದ್ದಿ ಅದರದ್ದೇ.

ಒಂದು ವರ್ಷದಿಂದ ನನ್ನ ಮುಟ್ಟು ಹಿಡಿತಕ್ಕೆ ಸಿಗುತ್ತಿಲ್ಲ. ಬಂದರೆ ನಿಲ್ಲುವುದಿಲ್ಲ, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ವಯಸ್ಸಾಯಿತಲ್ಲ, ನಿಲ್ಲುವ ಮುಂಚೆ ಹೀಗೆಲ್ಲ ಆಗುತ್ತದೆ ಎಂದು ನನಗೆ ನಾನೇ ಡಾಕ್ಟರಾದೆ. ಕಪ್ಪು ಪ್ಯಾಂಟು ಬಿಟ್ಟು ಬೇರೆ ಹಾಕುವುದನ್ನೇ ನಿಲ್ಲಿಸಿದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಾನು ಕೂರುವ ಪಕ್ಕದ ಸೀಟಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಟವೆಲ್ ಹಾಸಿದೆ. ಸ್ಕೂಲಿನ ಯಜಮಾನರು ಕೇಳಿದಾಗ "ಧೂಳು ಸರ್" ಎಂದೆ. "ಧೂಳು ಬರೋದು ನಿಮ್ಮ ಸೀಟಿಗೊಂದಕ್ಕೇನಾ?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಹೊಟ್ಟೆಯ ಕೆಳಭಾಗ ಗಟ್ಟಿಯಾಗಿ ಉಬ್ಬತೊಡಗಿತು. ದೊಗಲೆ ಅಂಗಿ ಹಾಕಿಕೊಂಡು ಅದನ್ನೂ ಮುಚ್ಚಿದೆ. ಇವರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡ. ಇವರು ಬೆಳಗಿಂದ ಸಂಜೆವರೆಗೆ ಊರವರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವರು. ಮನೆಯಲ್ಲಿರುವುದು ಕಾಣಿಸಬೇಕೆಂದರೆ ಯಾರಾದರೂ ಬರೆದು ಗೋಡೆಗೆ ನೇತುಹಾಕಬೇಕು.

ಮೊನ್ನೆ ಸೋಮವಾರ ಎಲ್ಲ ಬಯಲಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಬೇಕರಿಯಮ್ಮ ಎಂದೊಬ್ಬರಿದ್ದಾರೆ. ದೊಡ್ಡ ರಸ್ತೆಯ ಮೂಲೆಯ ಬೇಕರಿ ಅವರದ್ದು, ನಿನಗಿಂತ ಸ್ವಲ್ಪ ದೊಡ್ಡವರು. ಗಂಡ ಹೋದ ಮೇಲೆ ಬ್ರೆಡ್ ಹೊರುವ ವ್ಯಾನು ನಿಂತಲ್ಲೇ ನಿಂತಿದೆ, ಅದನ್ನು ಓಡಿಸಬೇಕೆಂದು ಹಟ. ಸ್ಟಿಯರಿಂಗನ್ನು ಹಿಟ್ಟು ನಾದುವ ಹಾಗೆ ಹಿಡಿಯುತ್ತಾರೆ. ಬಾಯಿ ಮಾತ್ರ ಯಾವ ಸಿಗ್ನಲ್ಲಿಗೂ ನಿಲ್ಲುವುದಿಲ್ಲ. ಅವತ್ತು ವೃತ್ತ ಸುತ್ತುವ ಪಾಠ. ಸುತ್ತು ಮುಗಿಯುವ ಹೊತ್ತಿಗೆ ಒಳಗಿಂದ ಬಿಸಿಯಾಗಿ ಒಮ್ಮೆಲೇ ಹರಿದಂತಾಯಿತು. ಟವೆಲ್ಲು, ಪ್ಲಾಸ್ಟಿಕ್ಕು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಸ್ಕೂಲಿನ ಮುಂದೆ ಮುಂದಿನ ಪಾಠದವನು ಕಾಯುತ್ತಿದ್ದ, ಯಜಮಾನರು ಬಾಗಿಲಲ್ಲೇ ನಿಂತಿದ್ದರು.

"ಇನ್ನೊಂದು ಸುತ್ತು ಹೋಗೋಣ" ಎಂದೆ.

ಹೋದರು. ಮತ್ತೆ ಬಂದೆವು. "ಇನ್ನೊಂದು" ಎಂದೆ.

"ಮೇಡಂ, ನನಗೇ ತಲೆ ತಿರುಗ್ತಿದೆ" ಎಂದು ನಗುತ್ತ ನನ್ನ ಕಡೆ ನೋಡಿದವರು ನಗು ನಿಲ್ಲಿಸಿದರು. ನನ್ನ ಮುಖ ಹೇಗಿತ್ತೋ. ಸೀಟಿನ ಅಂಚಿನ ಕಲೆಯೂ ಕಂಡಿರಬೇಕು. "ಅಯ್ಯೋ ನನ್ನಪ್ಪಾ" ಎಂದವರೇ ಕೊರಳಿನಿಂದ ತಮ್ಮ ಏಪ್ರನ್ ಕಿತ್ತು ನನ್ನ ಮಡಿಲಿಗೆ ಎಸೆದು, ಕಾರನ್ನು ನೇರ ಆಸ್ಪತ್ರೆಯ ಕಡೆ ತಿರುಗಿಸಿದರು. "ನಿಧಾನ, ಬ್ರೇಕ್" ಎಂದರೆ, "ನೀವು ಸುಮ್ನಿರಿ ಈಗ!" ಎಂದು ಗದರಿದರು. ನನ್ನ ಕಾಲಿನ ಕೆಳಗೂ ಒಂದು ಬ್ರೇಕ್ ಇದೆ. ಅವತ್ತು ಅದನ್ನು ಒತ್ತುವ ಶಕ್ತಿ ಇರಲಿಲ್ಲ. ಪಾಪ, ದಾರಿಯುದ್ದಕ್ಕೂ ಅಳುತ್ತಿದ್ದರು.

ನನ್ನ ಹೊಟ್ಟೆ ನೋಡಿ ಅವರಿಗೆ ಹೇಗೋ ನಾನು ಬಸುರಿ ಅನ್ನಿಸಿಬಿಟ್ಟಿತ್ತು. ಆಸ್ಪತ್ರೆಯ ಬಾಗಿಲಲ್ಲೇ "ಬಸುರಿ ಹೆಂಗಸು, ರಕ್ತ ಹೋಗ್ತಿದೆ, ಬೇಗ ಬನ್ನಿ" ಎಂದು ಕೂಗಿಕೊಂಡರು. ಗಾಲಿಕುರ್ಚಿ ಬಂತು. ನರ್ಸು ಓಡುತ್ತಲೇ ಕೇಳಿದಳು, "ಎಷ್ಟು ತಿಂಗಳು?"

ಬೇಕರಿಯಮ್ಮನ ಕೈ ನನ್ನ ಹೆಗಲ ಮೇಲಿತ್ತು. "ಬಸುರಿ ಅಲ್ಲ ನಾನು" ಎಂದೆ. ನರ್ಸಿಗೆ ಕೇಳಿಸಲಿಲ್ಲ. ಜೋರಾಗಿ ಇನ್ನೊಮ್ಮೆ ಹೇಳಬೇಕಾಯಿತು. ಕೂತಿದ್ದವರೆಲ್ಲ ತಿರುಗಿ ನೋಡಿದರು. ಹೆಗಲ ಮೇಲಿನ ಕೈ ಅಷ್ಟು ಹೊತ್ತಿಗೆ ಹೋಗಿತ್ತು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಬೂದು ಬೂದಾದ ಉಂಡೆಗಳು. "ಗರ್ಭಕೋಶದಲ್ಲಿ ಗೆಡ್ಡೆ ಥರ ಕಾಣ್ತಿದೆ. ಬಹುಶಃ ಫೈಬ್ರಾಯ್ಡ್. ತುಂಬಾ ಜನ ಹೆಂಗಸರಿಗೆ ಇರುತ್ತೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದ್ರೆ ಇಷ್ಟು ರಕ್ತ ಹೋಗ್ತಿದೆ, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಅದು ಬರೋ ತನಕ ನಾನೂ ಏನೂ ಹೇಳಲ್ಲ, ನೀವೂ ಏನೇನೋ ಕಲ್ಪಿಸ್ಕೋಬೇಡಿ" ಎಂದರು. ಆಮೇಲೆ, "ಇಷ್ಟು ದಿನ ಯಾಕೆ ಬರ್ಲಿಲ್ಲ?" ಎಂದರು.

"ಕೆಲಸ ಇತ್ತು" ಎಂದೆ.

"ಎಲ್ಲರೂ ಅದನ್ನೇ ಹೇಳ್ತಾರೆ" ಎಂದು ಬರೆಯತೊಡಗಿದರು. ಬೈದಿದ್ದರೆ ವಾಸಿಯಿತ್ತು.

ರಿಪೋರ್ಟು ಈ ವಾರದಲ್ಲಿ ಬರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಬಿದ್ದುಕೊಂಡಿರು ಎಂದಿದ್ದಾರೆ. ಕಲ್ಪಿಸಿಕೊಳ್ಳಬೇಡಿ ಎಂದರೆ ಮನಸ್ಸು ಕೇಳುತ್ತದೆಯೇ? ಫೋನಿನಲ್ಲಿ ಓದುತ್ತೇನೆ. ಒಂದು ಕಡೆ ಏನೂ ಹೆದರಬೇಡಿ ಎಂದಿರುತ್ತದೆ, ಬೆರಳು ಕೆಳಗೆ ಸರಿಸಿದರೆ ಕ್ಯಾನ್ಸರ್ ಎಂದಿರುತ್ತದೆ. ಫೋನನ್ನು ದಿಂಬಿನಡಿ ತಳ್ಳುತ್ತೇನೆ, ಮತ್ತೆ ತೆಗೆಯುತ್ತೇನೆ. ನಿನ್ನೆ ಬಟ್ಟೆಯ ಕಪಾಟು ಪೂರ್ತಿ ಖಾಲಿ ಮಾಡಿ ಮತ್ತೆ ಅದೇ ಥರ ಜೋಡಿಸಿದೆ. ಗರ್ಭಕೋಶ ತೆಗೆಯಬೇಕಾದರೂ ಆಗಬಹುದಂತೆ. ಉಪಯೋಗಕ್ಕೇ ಬಾರದೆ ಇದ್ದದ್ದು, ಹೋದರೇನು ಎಂದು ನಗಲು ನೋಡಿದೆ. ನಗು ಬರಲಿಲ್ಲ.

ಇವರಿಗೆ ಸುದ್ದಿ ಮುಟ್ಟಿಸಿದ್ದೂ ಬೇಕರಿಯಮ್ಮನೇ. ಇವರು ಕನ್ನಡಕದ ಅಂಗಡಿ ಮುಚ್ಚಿ ಬಂದರು, ನನ್ನನ್ನು ಮನೆಗೆ ಕರೆತಂದರು. ಒಂದು ಮಾತೂ ಬಯ್ದಿಲ್ಲ. ಅಡುಗೆ ತಾವೇ ಮಾಡುತ್ತಿದ್ದಾರೆ, ಉಪ್ಪು ಒಂದು ದಿನ ಇರುವುದಿಲ್ಲ, ಒಂದು ದಿನ ಸಮುದ್ರ. ಮರುದಿನ ಸಂಜೆ ಎಲ್ಲಿಗೋ ಹೋಗಿ ಬಂದು ಕೈ ತೊಳೆಯುತ್ತಿದ್ದರು. ಏನೆಂದು ಕೇಳಿದರೆ ಹೇಳಲಿಲ್ಲ. ಆಮೇಲೆ ಸ್ಕೂಲಿನ ಯಜಮಾನರ ಫೋನು ಬಂತು: ಇವರು ಬಕೆಟ್ಟು, ಬ್ರಷ್ಷು ಹಿಡಿದುಕೊಂಡು ಹೋಗಿ ಕಾರಿನ ಸೀಟು ತೊಳೆದು ಬಂದಿದ್ದರಂತೆ. ಯಜಮಾನರ ಮುಂದೆ, ಹುಡುಗರ ಮುಂದೆ, ನನ್ನ ರಕ್ತ. ಆ ಫೋನು ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೂತುಬಿಟ್ಟೆ.

ನೀನು ಓಡಿ ಬರಬೇಡ ಅಕ್ಕ. ರಿಪೋರ್ಟು ಬಂದ ದಿನವೇ ಫೋನ್ ಮಾಡುತ್ತೇನೆ, ಈ ಸಲ ಖಂಡಿತ. ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ, ಇಬ್ಬರ ಕೆನ್ನೆಯನ್ನೂ ನನ್ನ ಪರವಾಗಿ ಹಿಂಡು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇಂತಿ ನಿನ್ನ
ಮೊದ್ದು

ತಾ.ಕ.: ಸಹಿ ಹಾಕಿ ಮಡಚಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬೇಕರಿಯಮ್ಮನಿಗೆ ಹಾಗೆ ಅನ್ನಿಸಿದ್ದಲ್ಲ, ನಾನೇ ಹೇಳಿದ್ದು. ಹೋದ ತಿಂಗಳು ಪಾಠ ಮುಗಿಸಿ ಇಳಿಯುವಾಗ ಅವರು ನನ್ನ ಹೊಟ್ಟೆ ನೋಡಿ, "ಮೇಡಂ, ಸಿಹಿ ಸುದ್ದಿನಾ?" ಎಂದು ಕಣ್ಣರಳಿಸಿದರು. ಇಲ್ಲ ಎನ್ನಲೆಂದೇ ಬಾಯಿ ತೆರೆದೆ. ಬಂದದ್ದು "ಹೂಂ". ನಾನು ಹೆದರಿ ಹೆದರಿ ಮುಚ್ಚಿಡುತ್ತಿದ್ದ ಹೊಟ್ಟೆಯನ್ನು ಒಬ್ಬರು ಸಂತೋಷದಿಂದ ನೋಡಿದ್ದರು, ಅಷ್ಟಕ್ಕೇ ಸೋತೆ. ಆಮೇಲೆ ಹಿಂತೆಗೆದುಕೊಳ್ಳಲಾಗಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಬರಲಿಲ್ಲ. ರಸ್ತೆಯಲ್ಲಿ ಉಬ್ಬು ಕಂಡರೆ ಅವರು ಇರುವೆಯ ಹಾಗೆ ಗಾಡಿ ಹತ್ತಿಸುತ್ತಿದ್ದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದೆ. ಅವರ ಪಾಠದ ದಿನಕ್ಕೆ ಕಾಯುತ್ತಿದ್ದೆ ಅಕ್ಕ, ನಾಚಿಕೆಗೆಟ್ಟವಳು.

ನಿನ್ನೆ ಅವರು ನೋಡಲು ಬಂದಿದ್ದರು. ಎಲ್ಲ ಹೇಳಿ ಕ್ಷಮೆ ಕೇಳಿದೆ. "ಅವತ್ತು ದಾರಿಯುದ್ದಕ್ಕೂ ಒಂದು ಕೂಸು ಹೋಗ್ತಿದೆ ಅಂತ ಅತ್ಕೊಂಡು ಗಾಡಿ ಓಡಿಸ್ದೆ ಕಣಮ್ಮಾ. ಆ ಅಳುನ ಎಲ್ಲಿಡಲಿ ಈಗ?" ಎಂದರು. ತಂದ ಬ್ರೆಡ್ಡು ಮೇಜಿನ ಮೇಲಿಟ್ಟು ಹೋದರು. ಇನ್ನು ಪಾಠಕ್ಕೆ ಬರುತ್ತಾರೋ ಇಲ್ಲವೋ.

ಅದನ್ನೂ ತಡೆದುಕೊಂಡೇನು. ಆದರೆ ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ನನ್ನ ಫೋನಿನಿಂದಲೇ ಅವರು ಇವರಿಗೆ ಹೇಳಿದ್ದೂ ಅದೇ ಮಾತು, ನಾನು ಬಸುರಿ ಎಂದು. ನಾವು ಆ ಆಸೆ ಬಿಟ್ಟು ಎಷ್ಟು ಕಾಲವಾಯಿತೆಂದು ನಿನಗೆ ಗೊತ್ತಲ್ಲ. ಅಂಗಡಿಯಿಂದ ಆಸ್ಪತ್ರೆಗೆ ಬರುವಷ್ಟು ದಾರಿ ಇವರು ಅಪ್ಪನಾಗಿದ್ದರು. ಪರದೆ ಸರಿಸಿ ಒಳಗೆ ಬಂದಾಗ ಏದುಸಿರು, ಕಣ್ಣಲ್ಲಿ ನೀರು, ಆದರೂ ಮುಖದಲ್ಲಿ ನಾನೆಂದೂ ನೋಡಿರದ ಒಂದು ಬೆಳಕು. ನನ್ನ ಕೈ ಹಿಡಿದುಕೊಂಡು ಕೇಳಿದರು, "ಇಬ್ರೂ ಚೆನ್ನಾಗಿದ್ದೀರಾ?"

"ನಾನೊಬ್ಳೇ ಇರೋದು" ಎಂದೆ.

ಕೈ ಬಿಡಲಿಲ್ಲ. ಬಿಟ್ಟಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.