ಕಿತ್ತಳೆ ಗುಲಾಬಿ ಒಯ್ಯಲು ಬಾ

ಶಿರಗುಪ್ಪಿ
೧೯ ಜೂನ್ ೧೯೮೯

ಉತ್ತಮಣ್ಣನಿಗೆ ತಂಗಿ ಸುಲೋಚನಾಳ ನಮಸ್ಕಾರ.

ನಾನು ಆರಾಮ ಇದ್ದೇನೆ. ಹಿತ್ತಲಿನ ಗುಲಾಬಿಯ ಸಂಬಂಧ ಈ ಪತ್ರ. ನಮ್ಮ ಮನೆಯವರು ತೀರಿಕೊಳ್ಳುವ ಹಿಂದಿನ ವರ್ಷ ನನಗೆಂದೇ ಕೊಲ್ಹಾಪುರದಿಂದ ತಂದು ನೆಟ್ಟಿದ್ದರಲ್ಲ, ಆ ಕಿತ್ತಳೆ ಬಣ್ಣದ್ದು. ಗಿಡ ಇನ್ನೂ ಮೊಣಕಾಲೆತ್ತರವೇ ಇದೆ, ಆದರೆ ಒಂದೊಂದು ಟೊಂಗೆಗೂ ಐದಾರು ಹೂವಿನ ಗೊಂಚಲು.

ನನ್ನ ಕಣ್ಣಿಗೆ ಬೀಳಬಾರದೆಂದು ಅತ್ತೆ ದಿನಾ ನಸುಕಿನಲ್ಲೇ ಎದ್ದು ಅರಳಿದ್ದನ್ನೆಲ್ಲ ಕತ್ತರಿಸಿ ಒಗೆಯುತ್ತಾರೆ. "ಹೂವ ಮುಡಿಯೋರ ಇಲ್ಲದ ಮನ್ಯಾಗ ಇದಕ್ಯಾಕ ಇಷ್ಟ ಸೊಕ್ಕ?" ಎನ್ನುತ್ತಾರೆ. ಈ ಜಾತಿಯ ಗುಲಾಬಿ ಕತ್ತರಿಸಿದಷ್ಟೂ ಚಿಗುರಿ ಹೂಬಿಡುತ್ತದೆಂದು ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ಮೊನ್ನೆ ಕಸ ಗುಡಿಸುವಾಗ ಒಂದು ಎಸಳು ನನ್ನ ಕೂದಲಿಗೆ ಸಿಕ್ಕಿಕೊಂಡಿತ್ತು. ನನಗೆ ಗೊತ್ತಾಗಲಿಲ್ಲ, ಅತ್ತೆ ಕಂಡರು. "ಕದ್ದು ಮುಡ್ಕೋತಿಯೇನ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅಂದಿನಿಂದ ಹಿತ್ತಲ ಬಾಗಿಲಿಗೆ ಕೀಲಿ ಬಿದ್ದಿದೆ. ಭಾನುವಾರ ಗಿಡವನ್ನು ಬೇರುಸಮೇತ ಕೀಳಿಸುತ್ತಾರಂತೆ.

ಶನಿವಾರದೊಳಗೆ ಬಾ. ಗಿಡ ಒಯ್ಯಲು ಬಂದೆ ಎಂದಷ್ಟೇ ಹೇಳು. ಮಳೆ ಹಿಡಿದಿದೆ, ಈಗ ಬೇರೆ ಕಡೆ ನೆಟ್ಟರೂ ಬದುಕುತ್ತದೆ. ಬುಡದ ಮಣ್ಣು ಉದುರದಂತೆ ಸುತ್ತಲು ಗೋಣಿತಟ್ಟು ತಾ. ಬಸ್ಸಿನಲ್ಲಿ ಯಾರಾದರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾಗುತ್ತದೆ. ಅದಕ್ಕೆ ನಾನು ಬರುತ್ತೇನೆ.

ತವರು ದಿಗ್ಗೇವಾಡಿ ಮುಟ್ಟಿದ ಮೇಲೆ, ಅಣ್ಣಾ, ನನ್ನನ್ನು ತಿರುಗಿ ಕಳಿಸಬೇಡ.

ನಿನ್ನ ದಾರಿ ನೋಡುವ
ಸುಲೋಚನಾ