ಸಿಟ್ಟಿನ ಸಾಕ್ಷಿ

ಅಫಜಲಪುರ
೮ ನವೆಂಬರ್ ೨೦೨೪, ಶುಕ್ರವಾರ

ಮುಮತಾಜ,

'ಪ್ರಿಯ' ಎಂದು ಬರೆದರೆ ನಗುತ್ತೀ. ಬರೆಯದಿದ್ದರೆ ಇನ್ನೂ ಸಿಟ್ಟಿನಲ್ಲಿದ್ದಾಳೆ ಅನ್ನುತ್ತೀ. ಆದ್ದರಿಂದ ಬರೀ ಹೆಸರು. ಫೋನ್ ಮಾಡಬಹುದಿತ್ತು, ಆದರೆ ನೀನು ಎತ್ತದಿದ್ದರೆ ಎಂಬ ಹೆದರಿಕೆ. ಕಾಗದಕ್ಕೆ ಆ ತೊಂದರೆ ಇಲ್ಲ, ಅಂಚೆಯವನು ಕೈಗೆ ಕೊಟ್ಟೇ ಹೋಗುತ್ತಾನೆ. ಹರಿಯುವುದಿದ್ದರೆ ಓದಿದ ಮೇಲೆ ಹರಿ.

ಮೊದಲು ಕೆಲಸದ ಮಾತು. ನವೆಂಬರ್ ಇಪ್ಪತ್ತೊಂದು, ಗುರುವಾರ, ಹನ್ನೊಂದು ಗಂಟೆಗೆ ಕಲಬುರ್ಗಿಯಲ್ಲಿ ನನ್ನ ಡಾಕ್ಟರ ಮುಂದೆ ನೀನು ನನ್ನ ಪಕ್ಕದಲ್ಲಿ ಕೂಡಬೇಕು. ನೀನು ಬರದಿದ್ದರೆ ನನ್ನ ಗುಳಿಗೆ ಇಲ್ಲಿಂದ ಮುಂದೆ ಕಡಿಮೆ ಆಗುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ಜನವರಿಯ ಮಾತು ತೆಗೆಯಬೇಕು, ಮತ್ತು ಜನವರಿಯಲ್ಲಿ ತಪ್ಪು ನನ್ನದು. ಈ ವಾಕ್ಯವನ್ನು ಎರಡು ಸಲ ಓದು. ನಾನು ಇಂಥದ್ದನ್ನು ಬರೆದು ಅಭ್ಯಾಸವಿಲ್ಲ.

ಕಳೆದ ವರ್ಷ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು ನೀನೇ. ಊಟ ಸೇರದ್ದು, ನಿದ್ದೆ ಬಾರದ್ದು ಎಲ್ಲರಿಗೂ ಕಂಡಿತ್ತು. ರಿಟೈರ್ ಆದವರಿಗೆ ಹಾಗೆಯೇ ಎಂದು ಸಮಾಧಾನ ಹೇಳಿ ಹೋದರು. ನೀನು ಮಾತ್ರ ನಿಮ್ಮ ಆಳಂದದ ಪೇಡೆಯ ಅಂಗಡಿಯಲ್ಲಿ ನಿಂತು ನನ್ನ ಮುಖ ನೋಡಿದೆ. ಅಂಗಡಿಯವನು ರಟ್ಟಿನ ಡಬ್ಬಿಯನ್ನೂ ಸೇರಿಸಿ ಪೇಡೆ ತೂಗುತ್ತಿದ್ದ. ನಾನು ಹಣ ಎಣಿಸುತ್ತಿದ್ದೆ.

"ಸುಬ್ಬಿ, ಡಬ್ಬಿ ಕೂಡೇ ತೂಗಾಕತ್ತಾನ, ನೋಡಿದಿಯೇನ ಬೇ?"

"ನೋಡಿದೆ. ತೂಗಲಿ ಬಿಡು" ಅಂದೆ.

ಆ ತಿಂಗಳಲ್ಲೇ ನನಗೆ ಖಿನ್ನತೆಯ ಗುಳಿಗೆ ಶುರುವಾಯಿತು. ನಾಲ್ಕನೇ ತಿಂಗಳಿಗೆ ನಾನು ಅದೇ ಅಂಗಡಿಯಲ್ಲಿ ಡಬ್ಬಿಯನ್ನು ಬೇರೆ ತೂಗಿಸಿ, ಅಳತೆ ತೂಕದ ಕಾನೂನು ಹೇಳಿ, ಹಿಂದೆ ನಿಂತವರ ಕೈಯಲ್ಲೂ ಜಗಳ ಹಚ್ಚಿಸಿದೆ. ನೀನು ಅವನ ಮುಂದೆಯೇ ಆಕಾಶಕ್ಕೆ ಕೈ ಎತ್ತಿ "ಯಾ ಅಲ್ಲಾ, ನಮ್ಮಾಕಿ ವಾಪಸ್ ಬಂದ್ಳು" ಅಂದಿ.

ಬಂದವಳು ಬುದ್ಧಿ ಬಿಟ್ಟು ಬಂದಿದ್ದೆ. ಗುಣವಾದ ಮೇಲೆ ಗುಳಿಗೆ ಯಾಕೆ ಎಂದು ಈ ಜನವರಿ ಹತ್ತಕ್ಕೆ ಒಮ್ಮೆಲೇ ಬಿಟ್ಟೆ. ಸಂಕ್ರಾಂತಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ನಿನ್ನ ಹೊಲಿಗೆ ಅಂಗಡಿಗೆ ಬಂದು, ಏನೋ ಪದಕ ಗೆದ್ದವಳ ಹಾಗೆ ಅದನ್ನು ಹೇಳಿದೆ. ನೀನು ಮಷೀನು ನಿಲ್ಲಿಸಿ, "ಒಮ್ಮೆಲೆ ಬಿಡಬ್ಯಾಡ್ರಿ ಅಂತ ಆಸ್ಪತ್ರಿ ಗ್ವಾಡಿ ಮ್ಯಾಲೇ ಬರ್ದಾರ. ಕನ್ನಡ ಓದಾಕ ಬರ್ತದಲ್ಲ ನಿನಗ?" ಎಂದು ಕೇಳಿದೆ. ನಾನು, ಬ್ಲೌಸಿನ ಅಳತೆಗೆ ಬಂದಿದ್ದ ಇಬ್ಬರು ಹೆಂಗಸರ ಎದುರಿಗೆ, "ಏಳನೇತ್ತ ನಪಾಸಾದಾಕಿ ನನಗ ಓದಾಕ ಕಲಸ್ತಿಯೇನು?" ಅಂದೆ.

ನೀನು ಮತ್ತೆ ಮಷೀನು ತುಳಿಯಲು ಶುರು ಮಾಡಿದೆ. ನಾವು ಮಾತಾಡಿ ಹತ್ತು ತಿಂಗಳಾಯಿತು.

ಏಳನೇ ತರಗತಿಯ ಆ ವರ್ಷ ನೀನು ಪರೀಕ್ಷೆಗೇ ಕೂಡಲಿಲ್ಲ. ನಿಮ್ಮ ಅಮ್ಮಿಗೆ ಕಾಮಾಲೆ, ನೀನು ತಲೆಯ ಬಳಿ ಕುಳಿತಿದ್ದೆ. ಪ್ರಶ್ನೆಪತ್ರಿಕೆಯನ್ನು ಮನೆಗೆ ತಂದು ನಿನಗೆ ತೋರಿಸಿದವಳು ನಾನೇ. ನನ್ನ ನೆನಪಿನ ಶಕ್ತಿಯನ್ನು ಊರೆಲ್ಲ ಹೊಗಳುತ್ತದೆ. ಅಂದು ನನಗೆ ಅರ್ಧವೇ ನೆನಪಾಯಿತು, ಚುಚ್ಚಲಿಕ್ಕೆ ಬೇಕಾದ ಅರ್ಧ. ಗುಳಿಗೆ ಬಿಟ್ಟದ್ದರಿಂದ ಹಾಗೆ ಅಂದೆ ಎಂದು ಜಾರಿಕೊಳ್ಳಬಹುದು. ಡಾಕ್ಟರೂ ಅದಿರಬಹುದು ಅಂದರು. ಆದರೆ ಮಾತು ನನ್ನ ಬಾಯಿಂದ ಬಂತು. ತಪ್ಪಾಯಿತು ಮುಮತಾಜ.

ಇನ್ನು ನಗುವುದಿದ್ದರೆ ಇಲ್ಲಿ ನಗು. ನಿನ್ನ ಅಂಗಡಿಯಿಂದ ಬಂದ ಮರುದಿನದಿಂದ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಝುಮ್ ಎಂದು ಕರೆಂಟು ಹೊಡೆದ ಹಾಗೆ. ನಿಂತರೆ ನೆಲ ತೇಲಿದ ಹಾಗೆ. ನಮ್ಮ ಕಂಪೌಂಡಿಗೆ ಅಂಟಿಕೊಂಡು ಒಂದು ಲೈಟಿನ ಕಂಬವಿದೆಯಲ್ಲ, ನನಗೆ ಸಂಶಯವೇ ಉಳಿಯಲಿಲ್ಲ. 'ನಾಗರಿಕರ ತಲೆಗೆ ವಿದ್ಯುತ್ ಸೋರಿಕೆ' ಎಂಬ ವಿಷಯದ ಮೇಲೆ ಮೂರು ಪ್ರತಿ ಅರ್ಜಿ ಬರೆದು ಕೊಟ್ಟೆ. ಲೈನ್‌ಮನ್ ಕರೀಮಸಾಬ ಎರಡನೇ ದಿನವೇ ಬಂದ. ಗೋಡೆ, ಫ್ರಿಜ್ಜು, ನಳ, ಕೊನೆಗೆ ನನ್ನ ಕಬ್ಬಿಣದ ಕಪಾಟಿಗೂ ಟೆಸ್ಟರ್ ಹಚ್ಚಿ ನೋಡಿದ.

"ಅಕ್ಕೋರ, ಮುಂಜಾನಿಂದ ಓಣಿಗೇ ಕರೆಂಟಿಲ್ರಿ. ಸೋರೋದು ಎಲ್ಲಿಂದ?"

"ಹಂಗಾರ ಈಗೂ ನನ್ನ ತಲ್ಯಾಗ ಹೊಡ್ಯಾಕತ್ತದಲ್ಲ, ಅದೇನಪ?" ಎಂದು ಜಬರಿಸಿದೆ.

ಅವನು ಟೆಸ್ಟರ್ ಕಿಸೆಗಿಟ್ಟು, ದನಿ ತಗ್ಗಿಸಿ, "ಮನಸ್ಸಿಂದು ಗುಳಿಗಿ ಏನರೆ ಬಂದ್ ಮಾಡೀರೇನ್ರಿ? ನಮ್ಮ ಮನ್ಯಾಕಿಗೂ ಹಿಂಗ ಆಗಿತ್ರಿ. ಕಂಬಕ್ಕ ಬೈಬ್ಯಾಡ್ರಿ, ಡಾಕ್ಟರ ಬಲ್ಲಿ ಹೋಗ್ರಿ" ಅಂದ. ಅರ್ಜಿಯ ಮೇಲೆ 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಮಾಡಿ ಹೋದ. ನನ್ನ ಇಷ್ಟು ವರ್ಷದ ಅರ್ಜಿಗಳಲ್ಲಿ ಇಷ್ಟು ಬೇಗ ವಿಲೇವಾರಿಯಾದದ್ದು ಅದೊಂದೇ.

ಅವನ ಮಾತು ಕೇಳಿ ಹೋದೆ. ಡಾಕ್ಟರು ಈಗ ಸೃಷ್ಟಿ ಎಂಬ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸು. ಬೈಯಲಿಲ್ಲ. ಇದು ಚಟವಲ್ಲ, ಹಳೆಯ ಕಾಯಿಲೆಯೂ ಅಲ್ಲ. ಗುಳಿಗೆಗೆ ಹೊಂದಿಕೊಂಡ ಮೈಯಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಹೀಗಾಗುತ್ತದೆ ಅಂದಳು. ಮೊದಲಿನ ಅಳತೆಗೇ ಮತ್ತೆ ಶುರು ಮಾಡಿಸಿದಳು. ಮೇ ತಿಂಗಳವರೆಗೆ ಕಾಯಿಸಿ, ಆಮೇಲೆ ಸ್ವಲ್ಪವೇ ಇಳಿಸಿದಳು. ಒಂದೆರಡು ತಿಂಗಳು ನೋಡಿ ಮತ್ತೊಂದಿಷ್ಟು. ಕೊನೆಕೊನೆಗೆ ಇನ್ನೂ ಸಣ್ಣ ಮೆಟ್ಟಿಲುಗಳಂತೆ. ತ್ರಾಸಾದರೆ ಹಿಂದಿನ ಮೆಟ್ಟಿಲಿಗೆ ಹೋಗಿ ನಿಲ್ಲುವುದಂತೆ, ಅದರಲ್ಲಿ ಸೋತ ಹಾಗೇನಿಲ್ಲವಂತೆ. ನಾನು ಮನೆಯ ಅಡಕೊತ್ತಿನಿಂದ ಗುಳಿಗೆ ಕತ್ತರಿಸಿಕೊಳ್ಳುತ್ತೇನೆ, ಬೇಗ ಮುಗಿಸೋಣ ಅಂದೆ.

"ಎಲ್ಲಾ ಗುಳಿಗಿ ಕತ್ತರಸಾಕ ಬರಂಗಿಲ್ರಿ. ಕಡಿಮಿ ಪವರಿಂದು ನಾನೇ ಬರ್ದು ಕೊಡ್ತೇನಿ. ಅವಸರ ಯಾಕ್ರಿ ಮೇಡಂ, ಪರೀಕ್ಷಾ ಅದ ಏನ್ರಿ?"

ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವಳಿಗೆ ಈ ಮಾತು! ಗೋಡೆಯ ಮೇಲಿನ ಫಲಕದ ಅಕ್ಷರ ಸಣ್ಣದಾಯಿತು ಎಂದು ಅವರ ಆಸ್ಪತ್ರೆಗೂ ಒಂದು ಅರ್ಜಿ ಕೊಟ್ಟು ಸೇಡು ತೀರಿಸಿಕೊಂಡೆ. ಈಗ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ.

ಆಕೆಗೆ ನನ್ನ ಬಗ್ಗೆ ಒಂದೇ ತೊಡಕು. ಇಳಿಸುವಾಗ ಸಿಡಿಮಿಡಿ ಹೆಚ್ಚಾದರೆ ಅದು ಗುಳಿಗೆ ಇಳಿಸಿದ್ದರ ತ್ರಾಸಿರಬಹುದು. ಹಳೆಯ ಕಾಯಿಲೆ ಮೆಲ್ಲಗೆ ವಾಪಸು ಬರುತ್ತಿದ್ದರೆ ಅದು ಬೇರೆ. ನನ್ನಂಥವಳಲ್ಲಿ ಯಾವ ಸಿಟ್ಟು ಕಾಯಿಲೆಯದು, ಯಾವುದು ಹುಟ್ಟುಗುಣ ಎಂದು ಆಕೆಗೆ ಹೇಗೆ ತಿಳಿಯಬೇಕು? ನಮ್ಮ ಮನೆಯವರನ್ನು ಕೇಳಿದಳು.

"ಇವ್ರು ಮೊದ್ಲಿಂದ ಹಿಂಗೇ ಏನ್ರಿ?"

"ಹೌದ್ರಿ."

"ಈಗ ಸಿಟ್ಟು ಜಾಸ್ತಿ ಆಗ್ಯಾದೇನ್ರಿ?"

"ಹೌದ್ರಿ."

"ಇಲ್ಲಾ, ಕಡಿಮಿ ಆಗ್ಯಾದೋ?"

"ಹೌದ್ರಿ" ಅಂದರು, ನನ್ನ ಮುಖ ನೋಡುತ್ತ.

ಪಾಪ, ಮೂವತ್ತೈದು ವರ್ಷದ ಸಂಸಾರದಲ್ಲಿ ಅವರಿಗೆ ಬೇರೆ ಉತ್ತರ ರೂಢಿಯಾಗಿಲ್ಲ. "ನಿಮ್ಮನ್ನ ಸರಿಯಾಗಿ ಬಲ್ಲವರು, ನಿಮಗ ಅಂಜಲಾರದವರು ಯಾರರೆ ಅದಾರೇನ್ರಿ?" ಎಂದು ಡಾಕ್ಟರು ಕೇಳಿದಳು. ಇಡೀ ಜಿಲ್ಲೆಯಲ್ಲಿ ಅಂಥವಳು ಒಬ್ಬಳೇ, ಮತ್ತು ಅವಳ ಬಾಯಿ ನಾನೇ ಮುಚ್ಚಿಸಿ ಬಂದಿದ್ದೆ. ಇಷ್ಟು ದಿನ ಹೇಗೋ ನಡೆಯಿತು. ಇನ್ನು ನಡೆಯುವುದಿಲ್ಲ.

ನಿನ್ನ ಕೆಲಸ ಇಷ್ಟೇ: ಹದಿನೈದು ದಿನಕ್ಕೊಮ್ಮೆ ನನ್ನ ಜೊತೆ ಅರ್ಧ ಗಂಟೆ ಮಾತಾಡು, ಕಂಡದ್ದನ್ನು ಡಾಕ್ಟರಿಗೆ ಹೇಳು. ನನಗೆ ಹಿತವಾಗುವ ಹಾಗೆ ಹೇಳಬೇಡ. ಆಳಂದದಿಂದ ಎಂಟೂವರೆಯ ಬಸ್ಸಿಗೆ ಹೊರಟರೆ ಸರಿಯಾಗುತ್ತದೆ. ಕಿಟಕಿಯ ಸೀಟು ಸಿಗದಿದ್ದರೆ ಕಂಡಕ್ಟರನಿಗೆ ನನ್ನ ಹೆಸರು ಹೇಳು; ಕೊಡುತ್ತಾನೆ, ಅಥವಾ ಇಳಿಸಿಬಿಡುತ್ತಾನೆ.

ನಿನ್ನ
ಸುಬ್ಬಿ
(ಅರ್ಜಿಗಳಲ್ಲಿ: ಸುಭದ್ರಾಬಾಯಿ, ನಿವೃತ್ತ ಶಿಕ್ಷಕಿ)

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಡಾಕ್ಟರಿಗೆ ನಾನು ಮೇ ತಿಂಗಳಲ್ಲೇ ನಿನ್ನ ಹೆಸರು ಹೇಳಿಬಿಟ್ಟಿದ್ದೆ. "ಗೆಳತಿ ಏನಂತಾರ್ರಿ?" ಎಂದು ಜುಲೈಯಲ್ಲಿ ಕೇಳಿದಾಗ "ಎಲ್ಲಾ ಬರೋಬರಿ ಅದ ಅಂತಾಳ" ಅಂದೆ. ಆಗ ನಿಜವಾಗಿಯೂ ಬರೋಬರಿ ಇತ್ತು. ಸೆಪ್ಟೆಂಬರಿನಲ್ಲೂ ಅದನ್ನೇ ಅಂದೆ. ಆದರೆ ಅಷ್ಟರಲ್ಲಿ ಹನ್ನೆರಡು ದಿನದಿಂದ ನಾನು ಪೇಪರ್ ಬಿಚ್ಚಿರಲಿಲ್ಲ, ಯಾರ ಮೇಲೂ ಒಂದು ಅರ್ಜಿ ಬರೆದಿರಲಿಲ್ಲ, ಪೇಡೆಯ ಅಂಗಡಿಯ ಆ ದಿನದ ಹಾಗೆಯೇ. ಸುಳ್ಳು ಹಾಜರಿ ಹಾಕುವವರ ಮೇಲೆ ಮೂವತ್ತೊಂದು ವರ್ಷ ಕೆಂಡ ಕಾರಿದವಳು ನಿನ್ನ ಹೆಸರಿನಲ್ಲಿ ಸುಳ್ಳು ಸಾಕ್ಷಿ ನುಡಿದು ಒಂದು ಮೆಟ್ಟಿಲು ಇಳಿದೆ. ನಿನ್ನೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಹಿಂದಿನ ಮೆಟ್ಟಿಲಿಗೆ ಏರಿಸಿದ್ದಾಳೆ. ಗುಣ ಕಾಣಲು ಇನ್ನೂ ದಿನ ಬೇಕಂತೆ, ಆದರೂ ಇವತ್ತು ಹಟದಿಂದ ಪೇಪರ್ ಪೂರ್ತಿ ಓದಿದೆ. ಹುಡುಗಿ ಆಗಲೂ ಬೈಯಲಿಲ್ಲ. "ಮೇಡಂ, ಈ ಸಲ ಖರೇ ಗೆಳತಿನ ಕರ್ಕೊಂಡ್ ಬರ್ರಿ" ಅಂದಳು.