ಡಬ್ಬಿಯ ಮೇಲಿನ ಗಂಟು

ಅಮ್ಮಾ,

ನೀನು ಹೋದ ಮೇಲೆ ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಪರೀಕ್ಷೆಗೆ ಹನ್ನೊಂದೇ ದಿನ. ಮಗು ಮಲಗಿದಾಗಲಾದರೂ ಓದೋಣವೆಂದು ಕೈಗೆ ಸಿಗದಂತೆ ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ನೀನು ತಿಂಡಿ ಡಬ್ಬಿಗೆ ಕಟ್ಟುತ್ತಿದ್ದ ಹಾಗೆಯೇ ದಾರ ಸುತ್ತಿ ಗಂಟು ಬಿಗಿದಿದ್ದೆ. ಇವತ್ತು ಮಧ್ಯಾಹ್ನ ನೋಡಿದರೆ ಎಡಕ್ಕಿದ್ದ ಗಂಟು ಬಲಕ್ಕೆ ಬಂದಿತ್ತು. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ! ನಾನು ಓದಿ ಕೆಲಸಕ್ಕೆ ಸೇರುವುದು ಅತ್ತೆಗೆ ಬೇಕಿಲ್ಲ, ಅದಕ್ಕೇ ನನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಗುಮಾನಿ ನನಗೆ ಮೊದಲಿಂದಲೂ ಇತ್ತು.

"ಅತ್ತೆ, ಡಬ್ಬಿ ಮುಟ್ಟಿದ್ರಾ?"

"ಆ ಗಂಟು ನಂಗೆ ಬಿಚ್ಚೋಕೇ ಬರಲ್ಲ ಕಣಮ್ಮ, ಇನ್ನು ಕಟ್ಟೋದೆಲ್ಲಿ! ಬೆಳಿಗ್ಗೆ ಮಗೂನ ಹೆಗಲಿಗೆ ಹಾಕ್ಕೊಂಡು ನೀನೇ ಬಿಚ್ತಾ ಇದ್ಯಲ್ಲ. ನೀನು ನಿದ್ದೆಗಣ್ಣಲ್ಲಿದ್ದೆ, ನಾನು ಮಾತಾಡಿಸ್ಲಿಲ್ಲ."

ನಂಬಲಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಫೋನ್ ತೆಗೆದು ನೋಡಿದೆ. ಬೆಳಿಗ್ಗೆ ನಲವತ್ತು ನಿಮಿಷ ಬಳಸಿದ ಲೆಕ್ಕ ಅದರಲ್ಲಿತ್ತು; "ನಿದ್ದೆಗೆಟ್ಟು ಓದಿದರೆ ತಲೆಗೆ ಹತ್ತುತ್ತದೆಯೇ" ಎಂದು ಹುಡುಕಿದವಳು ನಾನೇ.

ಚಿಕ್ಕವಳಿದ್ದಾಗ ನಿನ್ನ ತಿಂಡಿ ಡಬ್ಬಿ ಖಾಲಿಯಾದಾಗಲೆಲ್ಲ ಅಪ್ಪನ ಕಡೆ ಬೆರಳು ತೋರಿಸುತ್ತಿದ್ದೆ. ನೀನೂ ಅಪ್ಪನನ್ನೇ ಬೈಯುತ್ತಿದ್ದೆ. ಆದರೆ ಆ ಗಂಟನ್ನು ನೀನು ಕಲಿಸಿದ್ದು ನನಗೊಬ್ಬಳಿಗೇ, ಅಲ್ಲವೇನಮ್ಮಾ?

ಹೊರಗೆ ಅತ್ತೆ ಮಗುವನ್ನು ಎತ್ತಿಕೊಂಡು ಓಡಾಡಿಸುತ್ತಿದ್ದಾರೆ, ನಾನು ಓದಿಕೊಳ್ಳಲೆಂದು. ನಾನಿನ್ನೂ ಬಾಗಿಲು ತೆಗೆದಿಲ್ಲ.